ಬೀಗರ ನಡುವಿನ ಕುರ್ಚಿ

ಹೊಡೆದಾಟದ ಸಿನಿಮಾ ನೋಡಿ ಜನ ಕೆಟ್ಟುಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ಮೊದಲು ನಾನೂ ತಲೆಯಾಡಿಸುತ್ತಿದ್ದೆ. ನಮ್ಮ ಮನೆಯಲ್ಲಿ ಮಾತ್ರ ಅಂಥದೊಂದು ಹಿಂದಿ ಸಿನಿಮಾ ನೋಡಿ ಇಬ್ಬರು ಹಿರಿಯರು ಒಳ್ಳೆಯವರಾದರು. ಅದೇ ಈಗ ನನ್ನ ಗೋಳು.

ನಮ್ಮದು ಗೋಕಾಕ, ಹೆಂಡತಿ ಸವಿತಾಳ ತವರು ಮೂಡಲಗಿ. ನಮ್ಮ ಮದುವೆಯಲ್ಲಿ ಬೀಗರಿಗೆ ರುಮಾಲು ಸುತ್ತಿ ಮಾನ ಮಾಡುವಾಗ ಅಪ್ಪ ಮೊದಲನೆಯ ರುಮಾಲನ್ನು, ಸಂಬಂಧ ಕುದುರಿಸಿದ ಹುಕ್ಕೇರಿಯ ಕಾಕಾನ ತಲೆಗೆ ಸುತ್ತಿಬಿಟ್ಟರು. ಎರಡನೆಯದನ್ನು ಹಿಡಿದು ತಿರುಗುವಷ್ಟರಲ್ಲಿ ನಮ್ಮ ಮಾವ ಊಟವನ್ನೂ ಮಾಡದೆ ಜೀಪು ಹತ್ತಿದ್ದರು. ಅಂದಿನಿಂದ ಬೀಗರಿಬ್ಬರ ಮಾತು ಬಂದ್. ಖರೆ ಹೇಳಬೇಕೆಂದರೆ ನನಗದು ಹಾಯಾಗಿಯೇ ಇತ್ತು. ಆದರೆ ಮಗ ಮುತ್ತುವಿನ ಜಾವಳ ನಿಂತುಹೋಯಿತು. ಹುಟ್ಟುಗೂದಲು ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು. ತಮ್ಮ ಮಗನನ್ನು ಕಳಿಸಲು ಮಾವ ಒಲ್ಲರು, ಕರೆಯಲು ಅಪ್ಪ ಒಲ್ಲರು. ಕೂದಲು ಮಾತ್ರ ಯಾರ ಸಿಟ್ಟಿಗೂ ಕಾಯದೆ ಬೆಳೆಯುತ್ತಲೇ ಇತ್ತು. ಎರಡು ಜಡೆ ಹಾಕಿಸಿಕೊಂಡು ಅವನು ಅಂಗನವಾಡಿಗೆ ಹೊರಟರೆ ಓಣಿಯವರು, "ನಿಮ್ಮ ಮಗಳು ಭಾಳ ಚಂದ ಅದಾಳ್ರಿ" ಎನ್ನುತ್ತಿದ್ದರು. ಕೊನೆಗೆ ಸವಿತಾ, "ಈ ಸಲ ಜಾವಳ ಆಗಲಿಲ್ಲಂದ್ರ ನಾ ಹುಡುಗನ್ನ ಕರಕೊಂಡು ಮೂಡಲಗಿಗೆ ಹೋಗಾಕಿ. ತಿರುಗಿ ಬರಾಂಗಿಲ್ಲ" ಎಂದಳು. ಅವಳು ಬಾಯಿಮಾತಿಗೆ ಹೇಳುವವಳಲ್ಲ.

ಉಪಾಯ ಹೂಡಿದವಳೂ ಅವಳೇ. ಬೀಗರಿಬ್ಬರಿಗೂ ಹೊಡೆದಾಟದ ಸಿನಿಮಾ ಎಂದರೆ ಪ್ರಾಣ. ಅಪ್ಪನನ್ನು ನಾನು ಟಾಕೀಸಿಗೆ ಕರೆದೊಯ್ದೆ. ದೀಪ ಆರಿದ ಮೇಲೆ ಅವಳು ತನ್ನ ಅಪ್ಪನನ್ನು ಕರೆತಂದು ನನ್ನ ಇನ್ನೊಂದು ಬಾಜೂಕ್ಕೆ ಕೂರಿಸಿದಳು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಏಳಬೇಕು, ಅಷ್ಟರಲ್ಲಿ ಪರದೆಯ ಮೇಲೆ ಯಾರೋ ಯಾರನ್ನೋ ಟ್ರ್ಯಾಕ್ಟರಿನ ಮೇಲಿಂದ ಎತ್ತಿ ಒಗೆದ. ಇಬ್ಬರೂ ಕುಳಿತರು.

ಕಥೆಯೂ ಅಂಥದೇ. ಹಾವು ಮುಂಗುಸಿಯಂಥ ಎರಡು ಮನೆತನ, ಈ ಮನೆಯ ಹುಡುಗ, ಆ ಮನೆಯ ಹುಡುಗಿ. ಅಪ್ಪನಿಗೆ ಹಿಂದಿ ಬಾರದು. ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದವನು ನಾನು. "ಏನಂದಾ?" ಎಂದು ಅಪ್ಪ ಕೇಳಿದಾಗಲೆಲ್ಲ "ಕೊಲ್ತೇನಿ ಅಂದಾ" ಎನ್ನುತ್ತಿದ್ದೆ. ಬಹಳ ಹೊತ್ತು ಅದು ಸರಿಹೋಯಿತು. ಆಮೇಲೆ ಹುಡುಗಿ ಹುಡುಗನ ಎದೆಗೊರಗಿ ಮೆಲ್ಲಗೆ ಏನೋ ಹೇಳಿದಳು. ನಾನು ರೂಢಿಯಂತೆ, "ಕೊಲ್ತೇನಿ ಅಂದ್ಲು" ಎಂದೆ.

ಉಣ್ಣೆ ವ್ಯಾಪಾರಕ್ಕೆಂದು ಮಹಾರಾಷ್ಟ್ರವೆಲ್ಲ ಸುತ್ತಿ ಹಿಂದಿ ಕಲಿತಿದ್ದ ಮಾವನಿಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳಾಕತ್ತಾನ್ರಿ ಬೀಗರ! ನಿನ್ನ ಬಿಟ್ಟು ಇರಾಕ ಆಗೂದಿಲ್ಲ ಅಂದಾಳ್ರಿ ಆಕಿ!"

ಅಪ್ಪ ನನ್ನ ತಲೆಯ ಮೇಲಿಂದ ಬಗ್ಗಿ, "ಹೌದೇನ್ರಿ? ಮತ್ತ ಅವರಪ್ಪ ಏನಂತಾನ್ರಿ?" ಎಂದರು. ಮುಂದಿನ ಹಾಡು ಮುಗಿಯುವುದರೊಳಗೆ, "ನೀ ಏಳೋ ಇಲ್ಲಿಂದ" ಎಂದು ನನ್ನನ್ನು ಎಬ್ಬಿಸಿ, ಇಬ್ಬರೂ ಒತ್ತಟ್ಟಿಗೆ ಕುಳಿತಿದ್ದರು. ಕೊನೆಯಲ್ಲಿ ಪರದೆಯ ಬೀಗರು ತಬ್ಬಿಕೊಂಡಾಗ ಈ ಬೀಗರು ಸಿಳ್ಳೆ ಹೊಡೆದರು! ಹೊರಗೆ ಬಂದು ಚಹಾ ಕುಡಿಯುತ್ತ ಮಾವ, "ಸೋಮವಾರ ಜಾವಳ ಇಟಗೋರಿ, ನಮ್ಮ ಹುಡುಗನ್ನ ಕಳಸ್ತೇನಿ" ಎಂದರು. ಸವಿತಾ ಅತ್ತೇಬಿಟ್ಟಳು. ನನಗೂ ಕುಣಿಯುವಷ್ಟು ಸಂತೋಷವಾಯಿತು.

ಜಾವಳ ಮುಗಿಯಿತು. ಈಗ ವಾರವಾರವೂ ಮಾವ ಬರುತ್ತಾರೆ. ಒಬ್ಬರನ್ನೊಬ್ಬರು ಬೈಯುವ ಹಾಗಿಲ್ಲವಲ್ಲ, ಕಟ್ಟೆಯ ಮೇಲೆ ಕುಳಿತು ಇಬ್ಬರೂ ಕೂಡಿ ನನ್ನನ್ನು ಬೈಯುತ್ತಾರೆ.

"ಮದವಿ ದಿನಾನ ಈಂವ ಎದ್ದು ಒಂದ ಮಾತು ಹೇಳಿದ್ರ ಇಷ್ಟೆಲ್ಲಾ ಆಗತಿತ್ತೇನ್ರಿ ಬೀಗರ?" ಎಂದು ಮಾವ ಶುರು ಮಾಡುತ್ತಾರೆ.

"ಸಿನಿಮಾದಾಗಿನ ಆ ಹುಡುಗನ್ನ ನೋಡ್ರಿ, ಎರಡೂ ಮನಿ ಕೂಡಿಸಿದಾ. ನಮ್ಮಂವಾ ಬಾಸಿಂಗ ಕಟಗೊಂಡು ಸುಮ್ಮನ ಕುಂತಾ!"

ಸವಿತಾಳ ಮುಖ ನೋಡಿದರೆ, "ಸುಮ್ಕಿರ್ರಿ, ಎರಡೂ ಮನಿ ಈಗಷ್ಟ ಒಂದಾಗ್ಯಾವ" ಎನ್ನುತ್ತಾಳೆ. ಸಿನಿಮಾದವರು ಜಾಣರು. ಬೀಗರು ತಬ್ಬಿಕೊಂಡ ಕೂಡಲೇ ಪರದೆ ಇಳಿಸಿಬಿಡುತ್ತಾರೆ. ಮರುದಿನ ಬೆಳಿಗ್ಗೆ ಅಳಿಯನ ಗತಿ ಏನಾಯಿತೆಂದು ಇಂದಿಗೂ ಯಾರೂ ತೋರಿಸಿಲ್ಲ.