ಎಂಟಾಣೆ ವಸೂಲಿ

ಸಾಲ ವಸೂಲಿಗೆಂದು ಬ್ಯಾಂಕಿನವರು ಜನರ ಮನೆ ಬಾಗಿಲಿಗೆ ಹೋಗುವುದನ್ನು ನೀವು ನೋಡಿರುತ್ತೀರಿ. ವಸೂಲಿಗೆಂದು ಬ್ಯಾಂಕಿನ ಬಾಗಿಲಿಗೇ ಹೋಗುತ್ತಿದ್ದ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಬಸ್‌ಸ್ಟ್ಯಾಂಡಿನ ಕಡೆಯಿಂದ ಅವರ ಕೊಡೆ ಏರು ಹತ್ತಿ ಬರುವುದು ಕಂಡರೆ ಸಾಕು, ಮಡಿಕೇರಿಯ ಆ ಬ್ಯಾಂಕಿನ ಜವಾನ ಒಳಗೆ ಓಡಿ ಏಜೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದ. ಮ್ಯಾನೇಜರನ್ನು ಆಗ ಏಜೆಂಟ್ ಎನ್ನುತ್ತಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಬಹಳ ಕಾಲವಾಗಿರಲಿಲ್ಲ. ನಯಾಪೈಸೆ ಬಂದಿದ್ದರೂ ಜನರ ಬಾಯಲ್ಲಿ ಇನ್ನೂ ಆಣೆಯೇ ಓಡಾಡುತ್ತಿತ್ತು.

ವಸೂಲಾಗಬೇಕಿದ್ದ ಮೊತ್ತ ಎಷ್ಟೆಂದು ಕೇಳಿದರೆ ನಗುತ್ತೀರಿ. ಐವತ್ತು ನಯಾಪೈಸೆ, ಅಂದರೆ ಎಂಟಾಣೆ. ನಗುವುದಿದ್ದರೆ ನಗಿ, ಮಾವನ ಎದುರು ಮಾತ್ರ ಬೇಡ! ವಸೂಲಾಯಿತೇ ಎಂದರೆ, ಬಹಳ ದಿನಗಳ ಮೇಲೆ ಆಯಿತು. ಆದರೆ ನಾನು ಹೇಳಹೊರಟಿರುವುದು ಅದು ವಸೂಲಾಗದೆ ಹೋದ ದಿನದ ಮಾತು.

ಎಲ್ಲ ಶುರುವಾದದ್ದು ಅತ್ತೆಯ ಅವಲಕ್ಕಿ ಡಬ್ಬದಿಂದ. ಅವರ ಊರು ಕುಶಾಲನಗರದ ಹತ್ತಿರ. ಅತ್ತೆ ಕೋಳಿ ಸಾಕಿ, ಪಕ್ಕದ ಎಸ್ಟೇಟ್ ಬಂಗಲೆಯ ಬಟ್ಲರ್‌ಗೆ ಮೊಟ್ಟೆ ಮಾರಿ, ಬಂದ ದುಡ್ಡನ್ನು ಆ ಡಬ್ಬದಲ್ಲಿ ಹಾಕುತ್ತಿದ್ದರು. ಒಂದು ಹೊಲಿಗೆ ಮೆಷಿನ್ ಕೊಳ್ಳಬೇಕೆಂಬುದು ಅವರ ಆಸೆ. ಆದರೆ ಡಬ್ಬ ತುಂಬುತ್ತಲೇ ಇರಲಿಲ್ಲ. ಹೇಗೆ ತುಂಬೀತು? ಮಾವನ ಎಲೆಅಡಿಕೆ, ನಶ್ಯ, ಸಂತೆಯಲ್ಲಿ ಸಿಕ್ಕ ನೆಂಟರ ಕಾಫಿತಿಂಡಿ, ಎಲ್ಲಕ್ಕೂ ಅದೇ ಖಜಾನೆ. ಕೊನೆಗೊಂದು ದಿನ ಕಳ್ಳನಿಗೇ ನಾಚಿಕೆಯಾಯಿತು.

"ಇದು ನನ್ನ ಕೈಗೆ ಸಿಗೋ ಜಾಗದಲ್ಲಿ ಇರಬಾರದು ಕಣೇ. ನಿನ್ನ ಹೆಸರಲ್ಲೇ ಬ್ಯಾಂಕಿಗೆ ಹಾಕು. ಅಲ್ಲಿಂದ ಒಂದು ಕಾಸೂ ಕಡಿಮೆಯಾಗಲ್ಲ. ಅದಕ್ಕೆ ನಾನಿದೀನಿ."

ಅತ್ತೆ ಅರೆಮನಸ್ಸಿನಿಂದ ಒಪ್ಪಿ ಸಹಿ ಮಾಡಿಕೊಟ್ಟರು. ಆ ವರ್ಷ ಕೋಳಿಗಳಿಗೆ ರೋಗ ಬಂತು. ಹೊಸ ಮರಿ ಕೊಳ್ಳಲು ಸ್ವಲ್ಪ ಹಣ ತೆಗೆಯಬೇಕಾಯಿತು. ಮುಂದಿನ ಸಲ ಪಾಸ್‌ಬುಕ್ ಬರೆಸಿದಾಗ ಐವತ್ತು ನಯಾಪೈಸೆ ಮಾಯ! ಅತ್ತೆ ಜಗಳವಾಡಲಿಲ್ಲ. ಆಡಿದ್ದರೆ ಮಾವ ಗೆದ್ದುಬಿಡುತ್ತಿದ್ದರು. ಅವರು ಸುಮ್ಮನೆ ಅಟ್ಟದಿಂದ ಡಬ್ಬ ಇಳಿಸಿ, ತೊಳೆದು ಒರೆಸಿ, ಆ ವಾರದ ಮೊಟ್ಟೆ ದುಡ್ಡನ್ನು ಅದರೊಳಗೆ ಹಾಕಿದರು. ಊಟಕ್ಕೆ ಕುಳಿತಿದ್ದ ಮಾವನಿಗೆ ಚಿಲ್ಲರೆ ಬಿದ್ದ ಸದ್ದು ಕೇಳಿಸಿತು. ಅರ್ಧ ಊಟಕ್ಕೇ ಕೈ ತೊಳೆದು ಎದ್ದರಂತೆ.

ಮರುದಿನವೇ ದಂಡಯಾತ್ರೆ. ನಾನು ಆಗ ಮಡಿಕೇರಿಯಲ್ಲಿ ಮೇಷ್ಟ್ರು. ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಸಾಕ್ಷಿಗೆಂದು ಎಳೆದುಕೊಂಡು ಹೋದರು. ಏಜೆಂಟರು ಘಟ್ಟದ ಕೆಳಗಿನವರು, ಇನ್ನೂ ಹುಡುಗುಮುಖ, ಊರಲ್ಲಿದ್ದ ತಾಯಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದವರು, ಬಹಳ ಮರ್ಯಾದಸ್ಥರು.

"ಖಾತೆಯಲ್ಲಿ ಇಷ್ಟಾದ್ರೂ ಇರ್ಬೇಕು ಅಂತ ಒಂದು ಲೆಕ್ಕ ಉಂಟು ಸ್ವಾಮಿ. ಅದಕ್ಕಿಂತ ಕಮ್ಮಿ ಆದ್ರೆ ಖಾತೆ ನೋಡಿಕೊಳ್ಳುವ ಖರ್ಚು ಅಂತ ಹಿಡಿಯುದು."

"ನೋಡಿಕೊಳ್ಳೋಕೆ ಅದೇನು ಕೋಳಿಯಾ ಏಜೆಂಟ್ರೇ? ಕಾಳು ಹಾಕ್ತೀರಾ, ಗೂಡಿಗೆ ಕೂಡ್ತೀರಾ? ದುಡ್ಡು ಕಡಿಮೆ ಆಯ್ತು ಅಂತ ಇನ್ನೂ ಕಡಿಮೆ ಮಾಡ್ತಾರಾ ಯಾರಾದ್ರೂ? ಬಡಕಲು ಹಸುವಿನ ಮುಂದಿಂದ ಹುಲ್ಲು ಎಳ್ಕೊಂಡ ಹಾಗಾಯ್ತು."

"ನಿಯಮ ಬೋರ್ಡಿನಲ್ಲಿ ಹಾಕಿದ್ದುಂಟಲ್ಲ."

ಬೋರ್ಡನ್ನು ಹುಡುಕಿದೆವು. ಅದು ತೆರೆದ ಬಾಗಿಲಿನ ಹಿಂದೆ, ಗೋಡೆಯ ಮೇಲೆ, ಇಂಗ್ಲಿಷಿನಲ್ಲಿತ್ತು. ಅದನ್ನು ಓದಬೇಕಾದರೆ ಬಾಗಿಲು ಮುಚ್ಚಬೇಕು. ಬಾಗಿಲು ಮುಚ್ಚಿದ ಮೇಲೆ ಬ್ಯಾಂಕಿನಲ್ಲಿ ಯಾರಿರುತ್ತಾರೆ? ಏಜೆಂಟರಿಗೂ ಮುಜುಗರವಾಗಿ ಕಾಫಿ ತರಿಸಿದರು. ಮಾವ ಮುಟ್ಟಲಿಲ್ಲ. ವ್ಯಾಜ್ಯವಿರುವ ಮನೆಯಲ್ಲಿ ಹನಿ ನೀರನ್ನೂ ಮುಟ್ಟಬಾರದು, ಮುಟ್ಟಿದರೆ ನ್ಯಾಯ ಕೇಳುವ ಬಾಯಿ ಕಟ್ಟಿಹೋಗುತ್ತದೆ ಎಂಬುದು ನಮ್ಮ ಹಿರಿಯರ ಕಟ್ಟಳೆ. ಮಾವ ಅದನ್ನು ಬ್ಯಾಂಕಿಗೂ ಅನ್ವಯಿಸಿದ್ದರು. ಆರಿದ ಕಾಫಿಯನ್ನು ಜವಾನ ಕುಡಿದ. ಆಮೇಲೆ ಪ್ರತಿ ಸಲವೂ ಹೀಗೇ ನಡೆಯಿತು. ಈ ವ್ಯಾಜ್ಯ ಎಂದೂ ಮುಗಿಯದಿರಲಿ ಎಂದು ಅವನು ಓಂಕಾರೇಶ್ವರನಿಗೆ ಹರಕೆ ಹೊತ್ತಿದ್ದರೂ ಆಶ್ಚರ್ಯವಿಲ್ಲ.

ಬಸ್ ಕಂಡಕ್ಟರನಿಗೂ ವಿಷಯ ಗೊತ್ತಾಯಿತು. "ಎಂಟಾಣೆಗೆ ಓಡಾಡಿ ಬಸ್ ಚಾರ್ಜೇ ಎಷ್ಟೋ ಆಯ್ತಲ್ಲ ಗೌಡ್ರೇ" ಎಂದು ಕೆಣಕಿದ.

"ನೀನು ನನ್ನ ಕೂರಿಸ್ಕೊಂಡು ಮಡಿಕೇರಿ ತಲುಪಿಸ್ತೀಯ, ಕೊಡ್ತೀನಿ. ಅವರು ನನ್ನ ಹೆಂಡ್ತಿ ದುಡ್ಡನ್ನ ಕೂತಲ್ಲೇ ಕೂರಿಸಿ ಚಾರ್ಜು ಹಾಕಿದಾರೆ."

ಮಳೆಗಾಲ ಬಂದು ಹೋಯಿತು. ಒಂದು ದಿನ ಏಜೆಂಟರು ಸೋತು, ತಮ್ಮ ಜೇಬಿನಿಂದಲೇ ನಾಣ್ಯ ತೆಗೆದು ಮೇಜಿನ ಮೇಲಿಟ್ಟರು. ಮಾವ ಅದನ್ನು ತಿರುಗಿಸಿ ನೋಡಿ, "ಬ್ಯಾಂಕು ವಾಪಸು ಕೊಟ್ಟಿತು ಅಂತ ಪಾಸ್‌ಬುಕ್ಕಿನಲ್ಲಿ ಬರೀರಿ" ಎಂದರು. ಬರೆಯಲು ಹೇಗಾದೀತು? ಮಾವ ನಾಣ್ಯವನ್ನು ಅವರ ಜೇಬಿಗೇ ವಾಪಸು ಹಾಕಿದರು.

"ತಪ್ಪು ಮಾಡಿದ್ದು ಬ್ಯಾಂಕು. ನಿಮ್ಮ ತಾಯಿಗೆ ಕಳಿಸೋ ದುಡ್ಡು ನಂಗ್ಯಾಕೆ?"

ಅಂದಿನಿಂದ ಏಜೆಂಟರು ಮಾವನ ಪಕ್ಷ ಸೇರಿದರು. ಅವರೇ ಕುಳಿತು ಹೆಡ್ಡಾಫೀಸಿಗೆ ಉದ್ದನೆಯ ಕಾಗದ ಬರೆದರು. ಉತ್ತರ ಬಂದಿದೆಯೆಂದು ಅವರು ಹೇಳಿಕಳುಹಿಸಿದಾಗ ಮಾವ ಮದುವೆಗೆ ಹೊರಟವರಂತೆ ಕೋಟು ತೊಟ್ಟು, ಅತ್ತೆಯನ್ನೂ ಹೊರಡಿಸಿದರು. ಎಂಟಾಣೆಯನ್ನು ಅವರ ಕಣ್ಣೆದುರೇ ಪಾಸ್‌ಬುಕ್ಕಿಗೆ ಬರೆಸಬೇಕಿತ್ತು. ದಾರಿಯಲ್ಲಿ ಸಿಕ್ಕ ನನ್ನನ್ನೂ ಸೇರಿಸಿಕೊಂಡರು.

ಏಜೆಂಟರು ಎದ್ದು ನಿಂತರು. "ಎಂತ ಮಾಡುದು ಅಮ್ಮ, ಆಗುದಿಲ್ಲ ಅಂತ ಬರೆದಿದ್ದಾರೆ."

ಮಾವ ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ. ತಲೆ ತಗ್ಗಿಸಿ ಕೊಡೆಯ ಹಿಡಿಯನ್ನು ಉಜ್ಜುತ್ತಾ ಕುಳಿತರು. ಅತ್ತೆಯ ಕಡೆ ನೋಡುವ ಧೈರ್ಯ ಅವರಿಗಿರಲಿಲ್ಲ. ಊರಿಗೆಲ್ಲ ನಗೆಪಾಟಲಾದರೂ ಬಗ್ಗದ ಮನುಷ್ಯ ಹೀಗೆ ಕುಗ್ಗಿದ್ದನ್ನು ಕಂಡು ನನಗೆ ಸಂಕಟವಾಯಿತು.

ಅತ್ತೆ ಸೆರಗಿನ ಗಂಟು ಬಿಚ್ಚಿದರು. ಡಬ್ಬದಲ್ಲಿ ಕೂಡಿಟ್ಟಿದ್ದ ಮೊಟ್ಟೆ ದುಡ್ಡೆಲ್ಲ ಅದರಲ್ಲಿತ್ತು. ಉತ್ತರ ಏನೇ ಬರಲಿ ಎಂದು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು.

"ಇದನ್ನ ಖಾತೆಗೆ ಹಾಕಿಕೊಳ್ಳಿ" ಎಂದರು.

ಮಾವ ಗಾಬರಿಯಾದರು. "ಏ, ಮತ್ತೆ ಹಿಡ್ಕೋತಾರೆ ಕಣೇ."

"ಹಿಡ್ಕೊಂಡ್ರೆ ನೀವಿದ್ದೀರಲ್ಲ. ಎಂಟಾಣೆಗೆ ಇಷ್ಟು ಕಾವಲು ಕಾಯೋರು ಇರುವಾಗ ನನ್ನ ದುಡ್ಡು ಎಲ್ಲಿಗೆ ಹೋಗುತ್ತೆ? ನಾನು ಬ್ಯಾಂಕನ್ನ ನಂಬಿದ್ದು ಯಾವಾಗ?"

ಏಜೆಂಟರು ಕನ್ನಡಕ ಒರೆಸಿಕೊಂಡು, ತಾವೇ ಇನ್ನೊಮ್ಮೆ ಬರೆಯುವುದಾಗಿ ಹೇಳಿ ಕಾಫಿ ತರಿಸಿದರು. ಅತ್ತೆಗೆ ಯಾರ ಮೇಲೂ ವ್ಯಾಜ್ಯವಿರಲಿಲ್ಲ, ತೆಗೆದುಕೊಂಡರು. ಮಾವ ಎಂದಿನಂತೆ ಮುಖ ತಿರುಗಿಸಿದರು. ಜವಾನ ಆಸೆಯಿಂದ ಒಂದು ಹೆಜ್ಜೆ ಮುಂದೆ ಬಂದ.

ಅತ್ತೆ ತಮ್ಮ ಕಪ್ಪಿನಿಂದ ಅರ್ಧ ಕಾಫಿಯನ್ನು ಬಸಿಗೆ ಸುರಿದು, ಮಾವನ ಕಡೆ ಸರಿಸಿದರು.

"ಕುಡೀರಿ. ಇದು ಬ್ಯಾಂಕಿನದಲ್ಲ, ನಂದು."

ಮಾವ ಎರಡೂ ಕೈಯಲ್ಲಿ ಬಸಿ ಎತ್ತಿಕೊಂಡು, ಒಂದು ಹನಿ ಚೆಲ್ಲದಂತೆ ಕುಡಿದರು.