ಮಾಸ್ತರರ ಮಾಗಿದ ದನಿ

ನನ್ನ ಹೆಂಡತಿ ಸಾಬೇರಾಳಿಗೆ ಸಂಗೀತದ ಗಂಧಗಾಳಿ ಇಲ್ಲವೆಂದು ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಉಮದಿಯಲ್ಲಿ ನನ್ನದು ಬಟ್ಟೆ ಹೊಲಿಯುವ ಅಂಗಡಿ. ಮನೆಯಲ್ಲಿ ನನ್ನ ಸ್ವಂತ ಆಸ್ತಿ ಎಂದರೆ ಒಂದು ಟ್ರಂಕು ತುಂಬ ಕ್ಯಾಸೆಟ್ಟು. (ಉಳಿದದ್ದೆಲ್ಲ ಅವಳದು, ನನ್ನನ್ನೂ ಸೇರಿಸಿ.) ಆ ಭಂಡಾರದ ಮುಕುಟಮಣಿ ಉಟಗಿಯ ಶಿವಯೋಗೆಪ್ಪ ಮಾಸ್ತರರ ಕೊನೆಯ ಕ್ಯಾಸೆಟ್ಟು. ಐವತ್ತು ವರ್ಷ ಪದ ಕಟ್ಟಿದ ಮೇಲೆ, ಅರವತ್ತೆಂಟನೆಯ ವಯಸ್ಸಿನಲ್ಲಿ ಅವರೇ ಬರೆದು ಅವರೇ ಹಾಡಿದ್ದು.

ಅವರ ಹರೆಯದ ಪದಗಳು ಕುಣಿಸುತ್ತವೆ, ನಿಜ. ಆದರೆ ಈ ಕೊನೆಯದರಲ್ಲಿ ದನಿ ಹೇಗೆ ಮಾಗಿದೆ ಅನ್ನುತ್ತೀರಿ! ಪಾತಾಳದಿಂದ ಎದ್ದು ಬಂದು, ಅಕ್ಷರ ಅಕ್ಷರಕ್ಕೂ ವಿಶ್ರಾಂತಿ ಕೊಟ್ಟು, "ಹೋ...ದಾ...ನ ನನ್ನ ರಾ...ಯ ಸಂತಿ...ಗೀ..." ಎನ್ನುವಾಗ ನನ್ನ ಕಣ್ಣು ಒದ್ದೆಯಾಗುತ್ತದೆ.

"ರಾಯ ಅಂದ್ರ ಆತ್ಮ, ಸಂತಿ ಅಂದ್ರ ಈ ಸಂಸಾರ," ಎಂದು ಮೊನ್ನೆಯೂ ಬಿಡಿಸಿ ಹೇಳಿದೆ.

"ಗಂಡ ಸಂತಿಗಿ ಹೋಗ್ಯಾನ. ಅಷ್ಟ ಐತ್ರಿ ಅದ್ರಾಗ," ಎಂದಳು ಸಾಬೇರಾ, ಜೋಳ ಹಸನು ಮಾಡುತ್ತ.

"ಕತ್ತಿಗೇನ ಗೊತ್ತು ಕಸ್ತೂರಿ ವಾಸನಿ!"

"ಕತ್ತಿ ಕಟ್ಕೊಂಡಾಂವಗ ಮಂದಿ ಏನಂತಾರ್ರಿ?"

ಸಂತೆಯ ದಿನ ಮಾಸ್ತರರೇ ನೆಹರು ಶರ್ಟಿನ ಅಳತೆ ಕೊಡಲು ಬರುವವರಿದ್ದರು. ನಾನು ಪಣ ಕಟ್ಟಿದೆ. "ಅವರ ಹೇಳ್ಲಿ. ನೀ ಸೋತ್ರ ದಿನಾ ಈ ಪದಾ ಕೇಳಬೇಕು. ನಾ ಸೋತ್ರ ನೀ ಹೇಳಿದಂಗ ಕೇಳ್ತೀನಿ." (ಈಗಲೂ ಕೇಳುತ್ತೇನೆ, ಆ ಮಾತು ಬೇರೆ.)

ಮಾಸ್ತರರಿಗೆ ಈಗ ತೊಂಬತ್ತರ ಹತ್ತಿರ. ಬಂದರು, ಕುಂತರು, ಚಹಾ ಕುಡಿದರು. ಭಕ್ತಿಯಿಂದ ಕ್ಯಾಸೆಟ್ಟು ಹಾಕಿದೆ. ಅವರು ಕಿವಿಗೆ ಕೈ ಹಚ್ಚಿ ಕೇಳಿದರು.

"ಯಾರೋ ಇಮಾಮ ಇದು? ಹಾಡಾಂವಗ ಆರಾಮ ಇಲ್ಲೇನು?"

"ನಿಮ್ಮದ ದನಿರಿ ಮಾಸ್ತರ್ರ!"

"ನಂದಾ? ನಾ ಯಾವಾಗ ಎಮ್ಮಿ ಆಗಿದ್ನೋ?"

ಅವರೇ ಟೇಪ್ ರಿಕಾರ್ಡರಿನ ಮುಚ್ಚಳ ಬಿಚ್ಚಿಸಿದರು. ಒಳಗೆ ಗಾಲಿ ತಿರುಗಿಸುವ ಬೆಲ್ಟಿನ ಜಾಗದಲ್ಲಿ ಬಿಳಿಯದೊಂದು ಪಟ್ಟಿ ಜೋತುಬಿದ್ದಿತ್ತು.

"ಲಂಗದ ಇಲಾಸ್ಟಿಕ್ರಿ," ಎಂದಳು ಸಾಬೇರಾ. "ಬೆಲ್ಟ ಹರದಾಗ ಇವರ ಹೊಲದು ಹಾಕ್ಯಾರ. ಇಪ್ಪತ್ತ ವರ್ಷ ಆತು."

ಹೌದು, ಈ ಕ್ಯಾಸೆಟ್ಟು ಕೊಂಡ ವಾರವೇ ಹಾಕಿದ್ದೆ. (ಉಳಿದ ಕ್ಯಾಸೆಟ್ಟುಗಳೂ ಆಮೇಲೆ ಎಳೆದಾಡಿದವು. ಪಾಪ, ಹಳೆಯವು, ಸವೆದಿವೆ ಅಂದುಕೊಂಡಿದ್ದೆ.) ಇಷ್ಟು ವರ್ಷ ನಾನು ಕಣ್ಣೀರು ಸುರಿಸಿದ್ದು ಸಡಿಲಾದ ಇಲಾಸ್ಟಿಕ್ಕಿಗೆ ಎಂದು ತಿಳಿದು ಭೂಮಿಗಿಳಿದುಹೋದೆ.

ಮಾಸ್ತರರು ತೊಡೆ ತಟ್ಟಿ ಹಾಡಿಯೇ ತೋರಿಸಿದರು. ಆ ಚುರುಕಿಗೆ ಚಹಾದ ಕಪ್ಪುಗಳು ಕುಣಿದವು.

"ಹೋದಾನ ನನ್ನ ರಾಯ ಸಂತಿಗಿ, ಈಗ ಬಂತ ನೋಡ ನನಗ ನಗಿ!"

"ಆತ್ಮ, ಸಂಸಾರ..." ಎಂದೆ ಕ್ಷೀಣವಾಗಿ.

"ಯಾವ ಆತ್ಮನೋ? ಬಡಬಡಸೂ ಗಂಡ ಹೊರಗ ಹೋದ್ರ ಹೆಂಡ್ತಿಗಿ ಆಗೂ ಖುಷಿ. ಅಷ್ಟ ಐತಿ ಅದ್ರಾಗ."

ಸಾಬೇರಾ ಚೀಲ ತಂದು ಕೈಗಿಟ್ಟಳು. "ಸೋತ್ರೆಲ್ಲ? ಲಗೂನ ಸಂತಿಗಿ ಹೋಗ್ರಿ. ಬೆಲ್ಟ ತರ್ರಿ, ಮಾಸ್ತರ್ರ ಊಟಕ್ಕ ಬದನಿಕಾಯಿನೂ ತರ್ರಿ."

ಹೊರಟೆ. ಓಣಿ ತಿರುಗುವ ಮೊದಲೇ ಹಿಂದಿನಿಂದ ಅದೇ ಪದ ಕೇಳಿಸಿತು. ಮಾಸ್ತರರ ದನಿಯ ಜೊತೆಗೆ ಸಾಬೇರಾಳ ದನಿ. ತಾಳ ಎಲ್ಲೂ ತಪ್ಪಲಿಲ್ಲ, ಒಂದು ಸಾಲೂ ಮರೆಯಲಿಲ್ಲ. ನಿಂತು ಕೇಳಿದೆ, ಸುಳ್ಳೇಕೆ, ಮನಸ್ಸು ತುಂಬಿತು. ಇಷ್ಟು ಚೆನ್ನಾಗಿ ಹಾಡುತ್ತಾಳೆಂದು ಇಪ್ಪತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಅದು ನಾನು ಸಂತೆಗೆ ಹೋದಾಗ ಹಾಡುವ ಪದ.