ಮೂವತ್ತಾರು ಸುತ್ತು ಮುಗಿಯುವ ತನಕ

ನಮ್ಮ ರಾಣೇಬೆನ್ನೂರಿನಲ್ಲಿ ಕೆಲಸ ಮಾಡುತ್ತಿರುವವನನ್ನು ಮಾತಾಡಿಸದೆ ದಾಟಿ ಹೋದರೆ ಅವನಿಗೆ ಅವಮಾನ ಮಾಡಿದಂತೆ. ಹಾದಿಯಲ್ಲಿ ಹೋಗುವವರು ‘ಚಾ ಆತೇನೋ?’ ಅನ್ನಬೇಕು. ಕೂತವನು ‘ಆತ್ರಿ, ನಿಮ್ಮದು?’ ಅನ್ನಬೇಕು. ಉತ್ತರ ಕೊಡದಿದ್ದರೆ ‘ನಿನ್ನ ಮಗಗ ಸೊಕ್ಕು ಬಂದೈತಿ’ ಎಂದು ಸಂಜೆಯೊಳಗೆ ನಮ್ಮ ಅವ್ವನಿಗೆ ಸುದ್ದಿ ಮುಟ್ಟುತ್ತದೆ. ಬೇರೆಯವರಿಗೆ ಇದರಿಂದ ತೊಂದರೆ ಇಲ್ಲ. ಕ್ಷೌರದವನು ಮಾತಾಡುತ್ತಲೇ ಕತ್ತರಿ ಆಡಿಸುತ್ತಾನೆ. ನನ್ನದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ. ಮೋಟರಿನೊಳಗಿನ ಒಂದೊಂದು ಸಂದಿಗೆ ಮೂವತ್ತಾರು ಸುತ್ತು. ಲೆಕ್ಕ ತಪ್ಪಿದರೆ ಮೋಟರು ಕಾದು ಮತ್ತೆ ಸುಡುತ್ತದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಎಣಿಸಲು ಬರುತ್ತದೆ, ಎಣಿಸುತ್ತ ಮಾತಾಡಲು ಬರುವುದಿಲ್ಲ. ಅದನ್ನು ಎಂಟನೇ ಇಯತ್ತೆಯಲ್ಲಿ ಕಲಿಸುತ್ತಾರೋ ಏನೋ.

ಉಪಾಯ ಮಾಡದೆ ಇರಲಿಲ್ಲ. ಹಲಗೆಯ ಮೇಲೆ ‘ಎಣಿಸುತ್ತಿದ್ದೇನೆ, ಮಾತಾಡಿಸಬೇಡಿ’ ಎಂದು ಬರೆದು ತೂಗುಹಾಕಿದೆ. ಅದನ್ನು ಓದಿದವರು ಒಳಗೆ ಬಂದು ‘ಏನ ಎಣಸಾಕತ್ತೀಯೋ?’ ಎಂದು ಕೇಳಿದರು. ಶಟರ್ ಅರ್ಧ ಎಳೆದೆ. ಬಗ್ಗಿ ನೋಡಿ ‘ಮೈಯಾಗ ಆರಾಮ ಇಲ್ಲೇನು?’ ಅಂದರು. ಒಬ್ಬರು ಜ್ವರದ ಗುಳಿಗೆಯನ್ನೂ ತಂದುಕೊಟ್ಟರು. ಆಗ ಹೊಸದಾಗಿ ಮೊಬೈಲು ತಗೊಂಡಿದ್ದೆ. ಅದನ್ನು ಖಾಲಿ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಡಬ್ಬಿಯೊಳಗೆ ಅದು ಇನ್ನೂ ಜೋರಾಗಿ ಕೂಗಿತು.

ಅಂಥದ್ದರಲ್ಲಿ ಮೇಡ್ಲೇರಿಯ ಬಸಪ್ಪ ಕಾಕಾ ಬಾವಿಯ ಮೋಟರು ಸುಟ್ಟುಕೊಂಡು ಬಂದ. ಹಿಂದಿನ ದಿನವಷ್ಟೇ ಎರಡು ಎಕರೆಗೆ ಮೆಣಸಿನ ಸಸಿ ನೆಟ್ಟಿದ್ದನಂತೆ. ಅವನ ಊರಿಗೆ ಮೋಟರು ಓಡಿಸುವ ಕರೆಂಟು ಬರುವುದು ಸಂಜೆ ನಾಲ್ಕಕ್ಕೆ, ಹೋಗುವುದು ಏಳಕ್ಕೆ.

‘ತಮ್ಮಾ, ಇವತ್ತ ನೀರು ಕುಡೀಲಿಲ್ಲಂದ್ರ ಅಷ್ಟೂ ಮಕ್ಕೊಂಡ ಬಿಡತಾವ. ಎರಡಕ್ಕ ಟೆಂಪೋ ಹೊಂಡಬೇಕು.’

‘ಕೆಲಸ ಆಗತೈತಿ ಕಾಕಾ. ಈ ಮಂದಿ ಬಿಟ್ಟರ.’

‘ಮಂದೀದು ನನಗ ಬಿಡು’ ಎಂದು ಕಾಕಾ ಬಾಗಿಲಿಗೆ ಸ್ಟೂಲು ಹಾಕಿ ಕೂತ. ಬಂದವರು ಬಾಯಿ ತೆಗೆಯುವ ಮೊದಲೇ ನನ್ನ ಪರವಾಗಿ ಉತ್ತರ ಕೊಡತೊಡಗಿದ. ‘ಅವನ ಚಾ ಆಗೇತಿ, ಊಟ ಆಗಿಲ್ಲ, ಅವ್ವ ಆರಾಮ ಅದಾಳ. ಮುಂದ ನಡೀರಿ!’ ಯಾರಿಗೂ ಸಿಟ್ಟು ಬರಲಿಲ್ಲ. ಕೇಳಬೇಕಾದ್ದು ಕೇಳದೆಯೇ ಸಿಕ್ಕಿತ್ತಲ್ಲ. ನನ್ನ ಕೈ ಓಡಿತು. ಹನ್ನೆರಡೂವರೆಗೆ ಎರಡೇ ಸಂದಿ ಉಳಿದವು. ಬೆವರು ಕಣ್ಣಿಗೆ ಇಳಿದರೂ ಒರೆಸಲಿಲ್ಲ.

ಆಗ ಬಂದವನು ಬ್ಯಾಡಗಿಯ ಗುರುಶಾಂತಪ್ಪ. ಮೆಣಸಿನಕಾಯಿ ವ್ಯಾಪಾರ ಅವನದು. ಕಾಕಾನ ಉತ್ತರವನ್ನೆಲ್ಲ ಕೇಳಿಸಿಕೊಂಡು, ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದ.

‘ಹುಡುಗನ ಮದವಿ?’

‘ಅದೊಂದ ಆಗಿಲ್ರಿ.’

‘ಹಂಗಾದ್ರ ನಮ್ಮ ತಂಗಿ ಮಗಳೊಬ್ಬಾಕಿ ಅದಾಳ.’

ಇಪ್ಪತ್ತೆರಡು, ಎಂದು ನಾನು ಹಲ್ಲು ಕಚ್ಚಿ ಎಣಿಸಿದೆ.

ಕಾಕಾ ಸುಳ್ಳು ಹೇಳುವವನಲ್ಲ. ‘ಹುಡುಗ ದುಡಿತಾನ್ರಿ. ಆದ್ರ ಸಿಟ್ಟು ಬಾಳ. ಮಾತು ಕೊಡ್ಲಿ ಪೆಟ್ಟು ಇದ್ದಂಗ.’

ಇಪ್ಪತ್ತೇಳು.

‘ಅಕಿಯೇನ ಕಮ್ಮಿ ಇಲ್ಲ ಬಿಡ್ರಿ. ಹೋದ ವರ್ಷ ಹಾವೇರಿಯಿಂದ ಒಬ್ಬಾಂವ ನೋಡಾಕ ಬಂದಿದ್ದ. ಅಕಿ ಚಾದ ಕಪ್ಪು ತಂದು, ಸೀದಾ ಅವನ ಮುಂದ...’

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಮುಂದಿನ ಮಾತು ಅದರಲ್ಲಿ ಮುಳುಗಿತು. ಕಾಕಾ ತೊಡೆ ತಟ್ಟಿಕೊಂಡು ನಕ್ಕ. ಮೂವತ್ತೊಂದು. ಅಥವಾ ಮೂವತ್ತೆರಡು.

‘ಏನ ಮಾಡಿದ್ಲು?’ ಅಂದೆ.

ಇಬ್ಬರೂ ತಿರುಗಿ ನೋಡಿದರು. ನನ್ನ ಕೈ ನಿಂತಿತ್ತು. ಮೂವತ್ತೆರಡೇ ಇರಬೇಕು ಎಂದು ಮನಸ್ಸು ಹೇಳಿತು. ಆದರೆ ಸಸಿ ನನ್ನವಲ್ಲ. ತಂತಿ ಬಿಚ್ಚತೊಡಗಿದೆ. ಅದನ್ನು ಕಂಡ ಕಾಕಾನ ನಗು ಇಳಿಯಿತು. ಗಡಿಯಾರ ನೋಡಿದ, ನನ್ನನ್ನು ನೋಡಿದ.

‘ಊರ ಮಂದೀನ್ನೆಲ್ಲ ತಡದೆ, ನಿನ್ನ ಬಾಯಿ ತಡಿಯೋದ ಮರತೆ ನೋಡು’ ಅಂದವನೇ ಎದ್ದು ಗುರುಶಾಂತಪ್ಪನ ರಟ್ಟೆ ಹಿಡಿದು ಎಳೆದ. ‘ನಡೀರಿ ಸಾವಕಾರ್ರ, ಚಾ ಕುಡಿಯೋಣು. ನೀವು ಇಲ್ಲೇ ಇದ್ರ ಇಂವ ಸಂಜಿತನಾ ಒಂದರಿಂದನ ಎಣಸತಾನ.’

ಹೊರಗಿನಿಂದ ಶಟರ್ ಪೂರ್ತಿ ಎಳೆದು ಹೋದ. ಕತ್ತಲೆಯಲ್ಲಿ ಬಲ್ಬು ಹಾಕಿಕೊಂಡು, ಬಾಯಲ್ಲಿ ಟವೆಲ್ ಕಚ್ಚಿಕೊಂಡು ಎಣಿಸಿ ಮುಗಿಸಿ, ಮೋಟರು ಜೋಡಿಸಿದೆ. ಎರಡಕ್ಕೆ ಹೊರಡಬೇಕಾದ ಟೆಂಪೋ ಎರಡೂಮುಕ್ಕಾಲಿಗೆ ಹೊರಟಿತು. ಅವಸರದಲ್ಲಿ ಕಾಕಾನನ್ನು ಏನೂ ಕೇಳಲು ಆಗಲಿಲ್ಲ. ಬ್ಯಾಡಗಿಯವನು ಆಗಲೇ ಬಸ್ಸು ಹತ್ತಿದ್ದ.

ನಾಲ್ಕರಿಂದ ನಾನು ಡಬ್ಬಿಯ ಮುಚ್ಚಳ ತೆಗೆದಿಟ್ಟು ಮೊಬೈಲನ್ನೇ ನೋಡುತ್ತ ಕೂತೆ. ಐದಕ್ಕೆ ಐದು ನಿಮಿಷ ಇರುವಾಗ ಕಾಕಾನ ಫೋನು ಬಂತು. ಹಿಂದೆ ನೀರಿನ ಸಪ್ಪಳ ಕೇಳುತ್ತಿತ್ತು.

‘ನೀರ ಬಿತ್ತಪಾ ತಮ್ಮಾ! ಮೋಟರು ತಣ್ಣಗ ಐತಿ. ಆಮ್ಯಾಲೆ, ಐತವಾರ ಹುಡುಗಿ ನೋಡಾಕ ಬ್ಯಾಡಗಿಗೆ ಬರತೀವಿ ಅಂತ ಹೇಳೀನಿ.’

‘ಅದಿರಲಿ ಕಾಕಾ, ಆ ಹಾವೇರಿಯಾವಗ ಅಕಿ ಏನ ಮಾಡಿದ್ಲು?’

‘ಈಗ ಕೇಳಬ್ಯಾಡೋ, ನೀರು ತುಂಬಿ ಬದುವು ಒಡದೀತು’ ಎಂದು ಫೋನು ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಇವತ್ತು ಶನಿವಾರ, ನಾಳೆ ಬ್ಯಾಡಗಿ. ಕಾಕಾನ ಪಾಠ ಊರಿಗೆ ಹಿಡಿಸಿರಬೇಕು, ಬೆಳಿಗ್ಗೆಯಿಂದ ಒಬ್ಬರೂ ನನ್ನನ್ನು ಮಾತಾಡಿಸಿಲ್ಲ. ಮೊಬೈಲೂ ಸುಮ್ಮನಿದೆ. ಆದರೂ ಒಂದೇ ಸಂದಿಯನ್ನು ಮೂರು ಸಲ ಬಿಚ್ಚಿದ್ದೇನೆ.